ಗೇರ್‌ಬಾಕ್ಸ್ ಬದಲಿಸಿದಿರಾ? ಯೋಕ್ ಅಳೆದು ತನ್ನಿ

ನಮ್ಮದು ಚಳ್ಳಕೆರೆ ತಾಲೂಕು. ಮಳೆ ನಂಬಿದ ಜಮೀನು, ಹನ್ನೊಂದು ಎಕರೆ. ಶೇಂಗಾ, ನಡುವೆ ತೊಗರಿ ಸಾಲು, ಒಂದಿಷ್ಟು ಸಜ್ಜೆ. ಅಣ್ಣತಮ್ಮಂದಿರು ಸೇರಿ ಒಂದು ಹಳೆ ಟ್ರ್ಯಾಕ್ಟರು, ಒಂದು ಐದು ಅಡಿ ರೋಟವೇಟರ್ ಇಟ್ಟುಕೊಂಡಿದ್ದೇವೆ. ನಾನು ಓದಿದ್ದು ಏಳನೇ ಕ್ಲಾಸು. ಮೆಕ್ಯಾನಿಕ್ ಅಲ್ಲ. ಆದರೂ ಒಂದು ಕಬ್ಬಿಣದ ತುಂಡಿನ ಬಗ್ಗೆ ಬರೆಯಲು ಕೂತಿದ್ದೇನೆ. ಯಾಕೆಂದರೆ ಆ ತುಂಡು ನನಗೆ ಒಂದು ವರ್ಷದ ಬಿತ್ತನೆ ಹದ ತಪ್ಪಿಸಿತು. ತಮ್ಮನ ಮಗನ ಕಾಲು ಗೇಣು ದೂರದಲ್ಲಿ ಉಳಿಯಿತು.

ಆ ತುಂಡಿನ ಹೆಸರು ಯೋಕ್. ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿ.ಟಿ.ಓ.ದಿಂದ ರೋಟವೇಟರ್ ಗೇರ್‌ಬಾಕ್ಸಿಗೆ ಒಂದು ಶಾಫ್ಟ್ ಹೋಗುತ್ತದಲ್ಲ, ಅದರ ಎರಡೂ ತುದಿಯಲ್ಲಿ ಕವೆಯ ಹಾಗೆ ಎರಡು ಕಿವಿ ಇರುವ ತುಂಡುಗಳಿವೆ. ಅವೇ ಯೋಕ್. ಎದುರು ಬದುರು ಎರಡು ಯೋಕ್, ನಡುವೆ ಅಧಿಕ ಚಿಹ್ನೆಯ ಹಾಗಿರುವ ಕ್ರಾಸ್. ಮೂರೂ ಸೇರಿ ಒಂದು ಜಾಯಿಂಟ್. ಹೀಗೆ ಒಂದು ಶಾಫ್ಟಿಗೆ ಎರಡು ಜಾಯಿಂಟ್, ನಾಲ್ಕು ಯೋಕ್.

ನಡೆದದ್ದು ಇಷ್ಟು

2018ರಲ್ಲಿ ಮೃಗಶಿರ ಮಳೆಗೆ ಒಳ್ಳೆ ಹದ ಆಯಿತು. ಅರ್ಧ ಹೊಲ ಹೊಡೆಯುವಷ್ಟರಲ್ಲಿ ರೋಟವೇಟರ್ ಗೇರ್‌ಬಾಕ್ಸಿನ ಕ್ರೌನ್ ಹಲ್ಲು ಮುರಿಯಿತು. ಹೊಸ ಬಾಕ್ಸ್ ತರುವ ಶಕ್ತಿ ಆಗ ಇರಲಿಲ್ಲ. ಗುಜರಿಯಲ್ಲಿ ಬೇರೆ ರೋಟವೇಟರಿನ ಬಾಕ್ಸ್ ಸಿಕ್ಕಿತು. ಬೋಲ್ಟಿನ ತೂತು ಹೊಂದಿತು, ಪಕ್ಕದ ಶಾಫ್ಟೂ ಕೂತಿತು. ಹಲ್ಲು ಎಣಿಸಿದೆ, ಆರು. ನಮ್ಮದಕ್ಕೂ ಆರೇ. ಸರಿಹೋಯಿತು ಅಂತ ಖುಷಿಯಿಂದ ತಂದೆ. ಮನೆಗೆ ಬಂದು ನೋಡಿದರೆ ಯೋಕ್ ಒಳಗೇ ಹೋಗಲಿಲ್ಲ. ಹಲ್ಲು ಆರೇ, ಆದರೆ ಶಾಫ್ಟ್ ದಪ್ಪ.

ಹದ ಆರುತ್ತಾ ಇತ್ತು. ವೆಲ್ಡಿಂಗ್ ಅಂಗಡಿಗೆ ಓಡಿದೆ. ಅವನು ನಮ್ಮ ಯೋಕಿನ ಕಿವಿ ಕತ್ತರಿಸಿ, ದಪ್ಪ ತೂತಿನ ಬೇರೊಂದು ಬುಡಕ್ಕೆ ಕೂರಿಸಿ ವೆಲ್ಡ್ ಮಾಡಿದ. "ಯಜಮಾನ್ರೇ, ಇದರ ಮೇಲೆ ಆನೆ ನಿಂತ್ರೂ ಬಿಡಲ್ಲ" ಅಂದ. ನಾನೂ ನಂಬಿದೆ. ತಪ್ಪು ಅವನದೊಂದೇ ಅಲ್ಲ, ಅವಸರ ನನ್ನದು.

ಚಾಲೂ ಮಾಡಿದಾಗಲೇ ಧಡಧಡ ಅಂತಿತ್ತು. ಹಳೇ ಗಾಡಿ, ಇರಲಿ ಬಿಡು ಅಂದುಕೊಂಡೆ. ಎರಡನೇ ದಿನ ವೆಲ್ಡು ಬಿಟ್ಟಿತು. ಟ್ರ್ಯಾಕ್ಟರ್ ಕಡೆಯ ಅರ್ಧ ಶಾಫ್ಟು ಮಾತ್ರ ತಿರುಗುತ್ತಲೇ ಇತ್ತು, ಕವಣೆ ಬೀಸಿದ ಹಾಗೆ. ಕೆಳಗಿನ ಲಿಂಕಿಗೆ ಬಡಿದು ಒಂದು ತುಂಡು ಹಾರಿತು. ತಮ್ಮನ ಮಗ ಕುಡಿಯುವ ನೀರು ತಂದು ಬದುವಿನ ಮೇಲೆ ನಿಂತಿದ್ದ. ಅವನ ಮೊಣಕಾಲ ಪಕ್ಕದಲ್ಲೇ ಹೋಗಿ ಮಣ್ಣಿನಲ್ಲಿ ಹೂತುಕೊಂಡಿತು. ಆ ಹುಡುಗ ನಕ್ಕ. ನನಗೆ ಆವತ್ತು ಅನ್ನ ಇಳಿಯಲಿಲ್ಲ.

ನಾಲ್ಕು ದಿನ ಓಡಾಡಿ ಸರಿಯಾದ ಯೋಕ್ ಹುಡುಕಿ ತಂದೆವು. ಹಾಕಿ ಹೊಲಕ್ಕೆ ಇಳಿದರೆ ಮೊದಲನೇ ಬದುವಿನಲ್ಲಿ ರೋಟವೇಟರ್ ಎತ್ತುವಾಗ 'ಟಕ್' ಅಂತ ಸದ್ದು. ಹೊಸ ಬಾಕ್ಸಿನ ಶಾಫ್ಟ್ ಹಳೆಯದಕ್ಕಿಂತ ಮೂರು ಇಂಚು ಮುಂದಕ್ಕೆ ಚಾಚಿಕೊಂಡಿತ್ತು. ಅದನ್ನು ನಾವು ಅಳೆದಿರಲಿಲ್ಲ. ಶಾಫ್ಟಿನ ಪೈಪುಗಳು ಪೂರ್ತಿ ಒಳಗೆ ಹೋಗಿ ತಳ ಮುಟ್ಟಿ, ಟ್ರ್ಯಾಕ್ಟರಿನ ಪಿ.ಟಿ.ಓ.ವನ್ನೇ ಒಳಕ್ಕೆ ಗುದ್ದಿದವು. ಬೇರಿಂಗ್ ಹೋಯಿತು, ಸೀಲ್ ಹೋಯಿತು, ಹಿಂದಿನ ಎಣ್ಣೆಯೆಲ್ಲ ನೆಲಕ್ಕೆ.

ರೋಟವೇಟರ್ ಇಲ್ಲದಿದ್ದರೆ ಕಲ್ಟಿವೇಟರ್ ಹೊಡೆದು ಬಿತ್ತಬಹುದಿತ್ತಲ್ಲ ಅಂತ ನೀವು ಕೇಳಬಹುದು. ಈಗ ಟ್ರ್ಯಾಕ್ಟರೇ ಶೆಡ್ಡಿನಲ್ಲಿ ಕೂತಿತ್ತು. ಊರಿನಲ್ಲಿ ಎಲ್ಲರಿಗೂ ಅದೇ ಹೊತ್ತಿನಲ್ಲಿ ಬಿತ್ತನೆ, ಬಾಡಿಗೆಗೂ ಸಿಗಲಿಲ್ಲ. ಒಟ್ಟು ಹನ್ನೊಂದು ದಿನ ಹೋಯಿತು. ಹದ ಆರಿತು. ಮುಂದಿನ ಮಳೆ ಪುನರ್ವಸುವಿಗೆ. ಉಳಿದ ಐದು ಎಕರೆ ಆಗ ಬಿತ್ತಿದೆ. ಮೊದಲು ಬಿತ್ತಿದ ಕಡೆ ಎಕರೆಗೆ ಐದು ಚೀಲ ಶೇಂಗಾ, ತಡವಾಗಿ ಬಿತ್ತಿದ ಕಡೆ ಎರಡೂವರೆ. ಯೋಕಿಗೆ ಕೊಟ್ಟದ್ದು ಸಾವಿರದೊಳಗೆ. ಕಳೆದುಕೊಂಡದ್ದು ನೀವೇ ಲೆಕ್ಕ ಹಾಕಿ.

ಆಮೇಲೆ ಊರಿನ ಐ.ಟಿ.ಐ. ಓದಿದ ಹುಡುಗನ ಹತ್ತಿರ ಕೂತು ಒಂದೊಂದೇ ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ಕ್ರಮವಾಗಿ ಕೆಳಗೆ ಬರೆದಿದ್ದೇನೆ.

ಬಾಕ್ಸ್ ಕೊಳ್ಳುವ ಮುಂಚೆ ಎರಡು ಪರೀಕ್ಷೆ

ಯೋಕಿನ ಮಾತು ಆಮೇಲೆ. ಮೊದಲು ಬಾಕ್ಸೇ ನಮಗೆ ಹೊಂದುತ್ತದಾ ನೋಡಬೇಕು. ಬಾಕ್ಸಿನ ಒಳಬರುವ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ ಕೈಯಲ್ಲಿ ತಿರುಗಿಸಿ. ಪಕ್ಕದ ಶಾಫ್ಟ್ ಒಂದು ಸುತ್ತು ಬರಲು ಇದು ಎಷ್ಟು ಸುತ್ತು ತಿರುಗಿತು ಎಣಿಸಿ. ನಿಮ್ಮ ಹಳೆ ಬಾಕ್ಸಿಗೂ ಹಾಗೇ ಮಾಡಿ. ಲೆಕ್ಕ ಬೇರೆ ಬಂದರೆ ರೋಟವೇಟರಿನ ಬ್ಲೇಡುಗಳ ವೇಗವೇ ಬದಲಾಗುತ್ತದೆ.

ಎರಡನೆಯದು ತಿರುಗುವ ದಿಕ್ಕು. ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿದರೆ ಪಿ.ಟಿ.ಓ. ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಬಾಕ್ಸಿನ ಶಾಫ್ಟನ್ನೂ ಅದೇ ದಿಕ್ಕಿಗೆ ತಿರುಗಿಸಿ, ಪಕ್ಕದ ಶಾಫ್ಟ್ ಎತ್ತ ಹೋಗುತ್ತದೆ ನೋಡಿ. ಒಳಗಿನ ಕ್ರೌನ್ ಆ ಪಕ್ಕಕ್ಕೆ ಇದ್ದರೆ ಒಂದು ದಿಕ್ಕು, ಈ ಪಕ್ಕಕ್ಕೆ ಇದ್ದರೆ ಉಲ್ಟಾ. ಉಲ್ಟಾ ಬಾಕ್ಸ್ ಹಾಕಿದರೆ ಬ್ಲೇಡು ಹಿಂದುಮುಂದಾಗಿ ತಿರುಗುತ್ತವೆ.

ಹಲ್ಲೂ ಎಣಿಸಿ, ದಪ್ಪವನ್ನೂ ಅಳೆಯಿರಿ

ನಾನು ಎಡವಿದ್ದು ಇಲ್ಲೇ. ಹಲ್ಲು ಮಾತ್ರ ಎಣಿಸಿದೆ. ಹಲ್ಲಿನ ಸಂಖ್ಯೆ ಮತ್ತು ದಪ್ಪ ಎರಡೂ ಸೇರಿದರೇ ಅಳತೆ.

ನಮ್ಮ ಕಡೆಯ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು 1 3/8 ಇಂಚು ದಪ್ಪ, 6 ಹಲ್ಲು. ನಮ್ಮ ಬಡಗಿಗಳ ಲೆಕ್ಕದಲ್ಲಿ ಒಂದು ಇಂಚು ಮೂರು ನೂಲು, ಮಿಲಿಮೀಟರಿನಲ್ಲಿ 35. ಇದು ನಿಮಿಷಕ್ಕೆ 540 ಸುತ್ತಿನ ಪಿ.ಟಿ.ಓ.ಗೆ. ಇದೇ ದಪ್ಪದಲ್ಲಿ 21 ಸಣ್ಣ ಹಲ್ಲಿನದೂ ಇದೆ, ಅದು ನಿಮಿಷಕ್ಕೆ 1000 ಸುತ್ತಿನದಕ್ಕೆ. ಇನ್ನೂ ದೊಡ್ಡ ಟ್ರ್ಯಾಕ್ಟರುಗಳಿಗೆ 1 3/4 ಇಂಚು, 20 ಹಲ್ಲು. ನಮ್ಮ ದೇಶದಲ್ಲಿ ಇದಕ್ಕೆ ಐ.ಎಸ್. 4931 ಅನ್ನುವ ಮಾನಕವೇ ಇದೆ. ಆದರೆ ಗೇರ್‌ಬಾಕ್ಸಿನ ಕಡೆ ಈ ಕಟ್ಟುಪಾಡು ಅಷ್ಟಿಲ್ಲ. ನನ್ನ ಗುಜರಿ ಬಾಕ್ಸಿನದು 1 3/4 ಇಂಚು, 6 ಹಲ್ಲು.

ಹಲ್ಲು ಬೇರೆ ಬೇರೆ ಮಾಡಿರುವುದು ನಮ್ಮನ್ನು ಸತಾಯಿಸಲು ಅಲ್ಲ. 540ರ ಮಿಷನ್ನಿಗೆ ಯಾರೂ ತಪ್ಪಿ 1000ದ ಶಾಫ್ಟ್ ಹಾಕದಿರಲಿ ಅಂತ. ಅದಕ್ಕೇ ಯೋಕ್ ಕೂರದಿದ್ದರೆ ಬೈಯುವ ಮುಂಚೆ ಯಾಕೆ ಕೂರುತ್ತಿಲ್ಲ ಅಂತ ಯೋಚಿಸಬೇಕು.

ವರ್ನಿಯರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ದಾರ ಸಾಕು. ಶಾಫ್ಟನ್ನು ಚೆನ್ನಾಗಿ ಒರೆಸಿ, ಹಲ್ಲಿನ ಮೇಲೆ ದಾರ ಬಿಗಿಯಾಗಿ ಒಂದು ಸುತ್ತು ಸುತ್ತಿ, ಉದ್ದ ಅಳೆಯಿರಿ. ಹೆಚ್ಚುಕಮ್ಮಿ 11 ಸೆಂಟಿಮೀಟರ್ ಬಂದರೆ 1 3/8 ಇಂಚು. 14ರ ಹತ್ತಿರ ಬಂದರೆ 1 3/4 ಇಂಚು. ಹಲ್ಲು ಎಣಿಸುವಾಗ ಒಂದಕ್ಕೆ ಸೀಮೆಸುಣ್ಣ ಹಚ್ಚಿ ಎಣಿಸಿ. ಇಪ್ಪತ್ತೋ ಇಪ್ಪತ್ತೊಂದೋ ಅನ್ನುವ ಗೊಂದಲ ಆಗಲ್ಲ. ಇನ್ನೂ ಸುಲಭ ಎಂದರೆ ಶಾಫ್ಟಿನ ತುದಿಗೆ ಗ್ರೀಸ್ ಮಸಿ ಬಳಿದು ರಟ್ಟಿಗೆ ಒತ್ತಿ. ಹಲ್ಲಿನ ಅಚ್ಚು ಬೀಳುತ್ತದೆ. ಅದನ್ನೇ ಅಂಗಡಿಗೆ ಒಯ್ಯಿರಿ.

ಹಾಗೇ ಲಾಕ್ ಹೇಗಿದೆ ನೋಡಿ. ಶಾಫ್ಟಿನಲ್ಲಿ ಸುತ್ತ ಗಾಡಿ ತೆಗೆದಿದ್ದರೆ ಒತ್ತುವ ಪಿನ್ನಿನ ಯೋಕ್ ನಿಲ್ಲುತ್ತದೆ. ಅಡ್ಡ ತೂತು ಮಾತ್ರ ಇದ್ದರೆ ಬೋಲ್ಟಿನ ಯೋಕೇ ಬೇಕು. ಹಾಕಿದ ಮೇಲೆ ಹಿಂದಕ್ಕೆ ಜಗ್ಗಿ ನೋಡುವುದು ಪ್ರತಿ ಸಲವೂ ಆಗಬೇಕು.

ಕ್ರಾಸಿನ ಅಳತೆ ತಪ್ಪಬಾರದು

ಯೋಕಿನ ಒಂದು ಕಡೆ ಹಲ್ಲು. ಇನ್ನೊಂದು ಕಡೆ ಕ್ರಾಸಿನ ಕಪ್ ಕೂರುವ ತೂತು. ಹಲ್ಲು ಸರಿಯಿದ್ದು ತೂತು ಬೇರೆ ಇದ್ದರೆ ಯೋಕ್ ವ್ಯರ್ಥ.

ಕ್ರಾಸಿಗೆ ಎರಡು ಅಳತೆ. ಒಂದು, ಕಪ್ಪಿನ ದಪ್ಪ. ಎರಡು, ಒಂದು ಕಪ್ಪಿನ ತುದಿಯಿಂದ ಎದುರಿನ ಕಪ್ಪಿನ ತುದಿವರೆಗೆ ಇರುವ ಉದ್ದ. ಅಂಗಡಿಯಲ್ಲಿ ಕಪ್ 27 ಮಿ.ಮೀ., ಉದ್ದ 74.6 ಮಿ.ಮೀ. ಅಂತ ಒಂದು ಸಿಗುತ್ತದೆ. ಕಪ್ 30.2, ಉದ್ದ 80 ಅಂತ ಇನ್ನೊಂದು. ಕಪ್ ಅದೇ 30.2 ಇದ್ದು ಉದ್ದ 92 ಇರುವುದು ಮತ್ತೊಂದು. ನೋಡಿ, ಕಪ್ ಒಂದೇ ಇದ್ದರೂ ಉದ್ದದಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಫರಕು. ಕಪ್ ಮಾತ್ರ ಅಳೆದು ಬಂದರೆ ಮತ್ತೆ ಬಸ್ ಚಾರ್ಜು. ಸರ್ಕ್ಲಿಪ್ ಕಿವಿಯ ಹೊರಗಡೆ ಕೂರುತ್ತದೋ ಒಳಗಡೆಯೋ ಅದನ್ನೂ ನೋಡಿಕೊಳ್ಳಿ. ಹಳೆ ಕ್ರಾಸನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗುವುದು ಎಲ್ಲಕ್ಕಿಂತ ವಾಸಿ.

ಎರಡು ಕಡೆ ಎರಡು ಅಳತೆಯ ಕಪ್ ಇರುವ ಕ್ರಾಸೂ ಉಂಟು. ಬೇರೆ ದಾರಿಯೇ ಇಲ್ಲದಾಗ ಅದು ಆಗಬಹುದು. ಆದರೆ ಕೆಟ್ಟಾಗ ಹಳ್ಳಿಯಲ್ಲಿ ಸಿಗಲ್ಲ. ಶಾಫ್ಟಿಗೆ ಎರಡೂ ಕಡೆ ಒಂದೇ ಅಳತೆಯ ಕ್ರಾಸ್ ಇದ್ದರೆ ಮನೆಯಲ್ಲಿ ಒಂದು ಹೆಚ್ಚುವರಿ ಇಟ್ಟುಕೊಂಡರೆ ಸಾಕು. ಮತ್ತೊಂದು ಮಾತು. ಇದ್ದ ಕ್ರಾಸಿಗಿಂತ ಸಣ್ಣದಕ್ಕೆ ಇಳಿಯಬೇಡಿ. ಸಣ್ಣದು ಅಗ್ಗ, ಆದರೆ ಗಟ್ಟಿ ನೆಲದಲ್ಲಿ ತಡೆಯಲ್ಲ.

ವೆಲ್ಡಿಂಗ್ ಯಾಕೆ ಬೇಡ

ಯೋಕ್ ಗಟ್ಟಿ ಉಕ್ಕು. ಅದಕ್ಕೆ ಬೀದಿ ಬದಿಯ ವೆಲ್ಡು ಹಿಡಿದ ಹಾಗೆ ಕಾಣುತ್ತದೆ, ಪಕ್ಕದಲ್ಲೇ ಬಿರುಕು ಬಿಡುತ್ತದೆ. ಎರಡನೆಯದು, ಕೈಯಲ್ಲಿ ಕೂರಿಸಿದ್ದು ನಡುಮಧ್ಯಕ್ಕೆ ಬರುವುದಿಲ್ಲ. ಅರ್ಧ ನೂಲು ಆಚೀಚೆ ಆದರೂ ಸಾಕು. 540 ಸುತ್ತು ಅಂದರೆ ಒಂದು ಸೆಕೆಂಡಿಗೆ 9 ಸುತ್ತು. ಸೆಕೆಂಡಿಗೆ 9 ಸಲ ಸುತ್ತಿಗೆಯಲ್ಲಿ ಹೊಡೆದ ಹಾಗೆ ಆಗುತ್ತದೆ. ಆನೆ ನಿಂತರೆ ಬಿಡಲ್ಲ, ನಿಜ. ಆದರೆ ಆನೆ ಸೆಕೆಂಡಿಗೆ ಒಂಬತ್ತು ಸಲ ಕುಣಿಯಲ್ಲ.

ಕಿವಿಗಳು ಒಂದೇ ಸಾಲಿಗೆ ಬರಲಿ

ಇದು ನನಗೆ ಗೊತ್ತೇ ಇರದ ವಿಷಯ. ಶಾಫ್ಟಿನ ನಾಲ್ಕು ಯೋಕುಗಳಲ್ಲಿ ಹೊರಗಿನ ಎರಡು ಪಿ.ಟಿ.ಓ.ಗೂ ಬಾಕ್ಸಿಗೂ ಕೂರುತ್ತವೆ. ಒಳಗಿನ ಎರಡು ಪೈಪುಗಳಿಗೆ ಸೇರಿರುತ್ತವೆ. ಆ ಒಳಗಿನ ಎರಡರ ಕಿವಿಗಳು ಒಂದೇ ಸಾಲಿನಲ್ಲಿ ಇರಬೇಕು. ಶಾಫ್ಟನ್ನು ನೆಲಕ್ಕೆ ಮಲಗಿಸಿದಾಗ ಒಂದರ ಕಿವಿ ಮಲಗಿದ್ದರೆ ಇನ್ನೊಂದರದ್ದೂ ಮಲಗಿರಬೇಕು.

ಯಾಕೆ? ಜಾಯಿಂಟ್ ಬಾಗಿದಾಗ ಒಂದು ಕಡೆ ಸಮನಾಗಿ ತಿರುಗಿದರೂ ಇನ್ನೊಂದು ಕಡೆ ಸಮನಾಗಿ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಜೋರು, ಎರಡು ಸಲ ನಿಧಾನ. ಶಾಫ್ಟ್ 10 ಡಿಗ್ರಿ ಬಾಗಿದ್ದರೆ ಟ್ರ್ಯಾಕ್ಟರ್ 540 ಕೊಟ್ಟಾಗ ನಡುವಿನ ಪೈಪು 532ರಿಂದ 548ರ ನಡುವೆ ಓಲಾಡುತ್ತದೆ. ಇದು ಗೊತ್ತೇ ಆಗಲ್ಲ. 30 ಡಿಗ್ರಿ ಬಾಗಿದರೆ 468ರಿಂದ 624! ಕಿವಿ ಒಂದೇ ಸಾಲಿಗಿದ್ದು, ಎರಡೂ ಜಾಯಿಂಟ್ ಸಮನಾಗಿ ಬಾಗಿದ್ದರೆ, ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಸರಿ ಮಾಡುತ್ತದೆ. ಬಾಕ್ಸಿಗೆ ನೆಟ್ಟಗೆ 540 ಮುಟ್ಟುತ್ತದೆ. ಕಿವಿ ಅಡ್ಡ ಆದರೆ ಏರುಪೇರು ಒಂದರ ಮೇಲೊಂದು ಕೂಡಿಕೊಳ್ಳುತ್ತದೆ. ಆಗ 30 ಡಿಗ್ರಿಯಲ್ಲಿ ಬಾಕ್ಸಿಗೆ ಸಿಗುವುದು 405ರಿಂದ 720. ಕ್ರಾಸು, ಬೇರಿಂಗು, ಕ್ರೌನು ಎಲ್ಲಕ್ಕೂ ಪೆಟ್ಟು.

ನಮ್ಮದು ಚೌಕ ಪೈಪಿನ ಶಾಫ್ಟು. ಚೌಕವನ್ನು ನಾಲ್ಕು ರೀತಿ ತೂರಿಸಬಹುದು. ಅದರಲ್ಲಿ ಎರಡು ಸರಿ, ಎರಡು ತಪ್ಪು. ವೆಲ್ಡಿಂಗಿಗೆ ಒಯ್ಯಲು ಬಿಚ್ಚಿದವನು ಮತ್ತೆ ಕಣ್ಣುಮುಚ್ಚಿ ತೂರಿಸಿದೆ. ತಪ್ಪು ಕೂತಿತ್ತು. ಆ ಧಡಧಡದಲ್ಲಿ ಇದರ ಪಾಲೂ ಇತ್ತು. ಈಗ ಎರಡೂ ಪೈಪಿಗೆ ಬಿಳಿ ಬಣ್ಣದ ಗೆರೆ ಎಳೆದಿದ್ದೇನೆ. ಗೆರೆಗೆ ಗೆರೆ ಸೇರಿಸಿ ತೂರಿಸಬೇಕು. ನಿಂಬೆಹಣ್ಣಿನ ಆಕಾರದ ಪೈಪು ಹೀಗೆ ಅಡ್ಡಡ್ಡ ಕೂರುವುದಿಲ್ಲ, ಅದು ಅದರ ಗುಣ.

ರೋಟವೇಟರ್ ಎತ್ತಿದಾಗಲೇ ಶಾಫ್ಟ್ ಹೆಚ್ಚು ಬಾಗುವುದು. ಬದುವಿನಲ್ಲಿ ತಿರುಗಿಸುವಾಗ ಪಿ.ಟಿ.ಓ. ನಿಲ್ಲಿಸಿ ಎತ್ತುವುದು ಅದಕ್ಕೇ. ಒಂದು ಲಿವರ್ ಎಳೆಯುವ ಸೋಮಾರಿತನಕ್ಕೆ ಕ್ರಾಸ್ ತೆರುತ್ತೇವೆ.

ಉದ್ದ ಅಳೆಯುವ ಕ್ರಮ

ಬಾಕ್ಸ್ ಬದಲಾದರೆ ಉದ್ದ ಬದಲಾಗಿಯೇ ಇರುತ್ತದೆ ಅಂತ ತಿಳಿಯಿರಿ. ಟ್ರ್ಯಾಕ್ಟರ್ ಬದಲಾದರೂ ಅಷ್ಟೇ. ಶಾಫ್ಟನ್ನು ಎರಡು ಭಾಗ ಮಾಡಿ, ಒಂದನ್ನು ಪಿ.ಟಿ.ಓ.ಗೆ, ಇನ್ನೊಂದನ್ನು ಬಾಕ್ಸಿಗೆ ಹಾಕಿ. ತೂರಿಸಬೇಡಿ, ಅಕ್ಕಪಕ್ಕ ಹಿಡಿಯಿರಿ. ಪಿ.ಟಿ.ಓ. ಬಂದ್ ಇರಲಿ. ರೋಟವೇಟರನ್ನು ನಿಧಾನ ಎತ್ತುತ್ತಾ ಇಳಿಸುತ್ತಾ ಹೋದರೆ ಒಂದು ಕಡೆ ಅಂತರ ತೀರಾ ಕಮ್ಮಿ ಆಗುತ್ತದೆ. ಹೆಚ್ಚಾಗಿ ಅದು ಶಾಫ್ಟ್ ಮಟ್ಟವಾಗಿ ನಿಂತಾಗ. ಅಲ್ಲಿ ನಿಲ್ಲಿಸಿ, ಎತ್ತಿದ ರೋಟವೇಟರಿನ ಅಡಿಗೆ ದಿಮ್ಮಿ ಕೊಟ್ಟು, ಇಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು ಅಳೆಯಿರಿ.

ಆ ಅತಿ ಕಮ್ಮಿ ಅಂತರದಲ್ಲೂ ಪೈಪಿನ ತುದಿಗೂ ತಳಕ್ಕೂ ನಡುವೆ ಒಂದೂವರೆ ಇಂಚು ಬಿಡುವು ಇರಬೇಕು. ಇಲ್ಲದಿದ್ದರೆ ಕತ್ತರಿಸಬೇಕು. ಒಳಪೈಪು ಎಷ್ಟು ಕತ್ತರಿಸುತ್ತೀರೋ ಹೊರಪೈಪೂ ಅಷ್ಟೇ, ಪ್ಲಾಸ್ಟಿಕ್ ಗಾರ್ಡುಗಳೂ ಅಷ್ಟೇ. ಕತ್ತರಿಸಿದ ಅಂಚಿನ ಮುಳ್ಳನ್ನು ಅರದಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ತೂರಿಸಿ. ಆಮೇಲೆ ಅತಿ ದೂರ ಹೋದಾಗ ನೋಡಿ. ಆಗಲೂ ಪೈಪಿನ ಮೂರನೇ ಒಂದು ಭಾಗ, ಕಮ್ಮಿ ಅಂದರೆ ಒಂದು ಗೇಣು ಒಳಗೆ ಇರಬೇಕು. ಅಷ್ಟು ಇಲ್ಲದಿದ್ದರೆ ಆ ಶಾಫ್ಟ್ ಗಿಡ್ಡ, ಬೇರೆಯದೇ ಬೇಕು. ಉದ್ದ ಆದರೆ ಗುದ್ದುತ್ತದೆ, ಗಿಡ್ಡ ಆದರೆ ಕಳಚಿಕೊಂಡು ಬೀಸುತ್ತದೆ.

ಮುರಿಯಬೇಕಾದ ಬೋಲ್ಟು ಮುರಿಯಲಿ

ಕೆಲವು ಶಾಫ್ಟುಗಳಲ್ಲಿ ಬಾಕ್ಸಿನ ಕಡೆಯ ಯೋಕಿಗೆ ಶಿಯರ್ ಬೋಲ್ಟ್ ಇರುತ್ತದೆ. ಬ್ಲೇಡಿಗೆ ಕಲ್ಲು ಸಿಕ್ಕಿದಾಗ ಅದು ಮುರಿದು ಬಾಕ್ಸನ್ನು ಉಳಿಸುತ್ತದೆ. ಈ ಯೋಕ್ ಯಾವಾಗಲೂ ಉಪಕರಣದ ಕಡೆಗೇ ಇರಬೇಕು. ಪದೇ ಪದೇ ಮುರಿಯಿತು ಅಂತ ದಪ್ಪದ್ದೋ ಗಟ್ಟಿಯದ್ದೋ ಹಾಕಬೇಡಿ. ಹತ್ತಿಪ್ಪತ್ತು ರೂಪಾಯಿ ಬೋಲ್ಟ್ ಉಳಿಸಲು ಹೋಗಿ ಬಾಕ್ಸ್ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಮೊದಲು ಹಾಕಿದ್ದ ಗಾತ್ರ, ಅದೇ ಗಟ್ಟಿಯ ನಂಬರು ಹುಡುಕಿ ಹಾಕಿ.

ಗಾರ್ಡ್ ಬಿಚ್ಚಿ ಎಸೆಯಬೇಡಿ

ಗ್ರೀಸ್ ಹೊಡೆಯಲು ತೊಂದರೆ ಅಂತ ನಾವು ಶಾಫ್ಟಿನ ಪ್ಲಾಸ್ಟಿಕ್ ಗಾರ್ಡನ್ನು ಮೊದಲ ವರ್ಷವೇ ಬಿಚ್ಚಿ ಹಗೇವಿನ ಪಕ್ಕ ಎಸೆದಿದ್ದೆವು. ನಮ್ಮ ಹೆಗಲ ಮೇಲೆ ಟವೆಲ್, ಸೊಂಟಕ್ಕೆ ಪಂಚೆ, ಹೆಂಗಸರಿಗೆ ಸೆರಗು. ಎರಡು ಇಂಚಿನ ಪೈಪು ಸೆಕೆಂಡಿಗೆ 9 ಸುತ್ತು ತಿರುಗಿದರೆ ಸೆಕೆಂಡಿಗೆ ಹತ್ತಿರ ಒಂದೂವರೆ ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಕೂಗುವಷ್ಟು ಹೊತ್ತೂ ಸಿಗುವುದಿಲ್ಲ. ಈಗ ಗಾರ್ಡ್ ಹಾಕಿದ್ದೇವೆ, ಅದು ತಿರುಗದ ಹಾಗೆ ಅದರ ಸರಪಳಿಯನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿದ್ದೇವೆ. ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮುಂಚೆ ಎರಡೂ ಕ್ರಾಸಿಗೆ ಗ್ರೀಸ್. ಅದಕ್ಕೆ ಐದು ನಿಮಿಷ ಸಾಕು.

ಅಂಗಡಿಗೆ ಹೋಗುವ ಮುಂಚೆ

ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಳ್ಳಿ: ಟ್ರ್ಯಾಕ್ಟರ್ ಕಡೆ ಹಲ್ಲು ಎಷ್ಟು, ದಪ್ಪ ಎಷ್ಟು. ಬಾಕ್ಸ್ ಕಡೆ ಹಲ್ಲು ಎಷ್ಟು, ದಪ್ಪ ಎಷ್ಟು. ಲಾಕ್ ಪಿನ್ನೋ ಬೋಲ್ಟೋ. ಕ್ರಾಸಿನ ಕಪ್ ಎಷ್ಟು, ಉದ್ದ ಎಷ್ಟು, ಸರ್ಕ್ಲಿಪ್ ಎಲ್ಲಿ. ಪೈಪು ಚೌಕವೋ, ನಿಂಬೆ ಆಕಾರವೋ, ಮೂರು ಮೂಲೆಯದೋ. ಅತಿ ಕಮ್ಮಿ ಅಂತರ ಎಷ್ಟು, ಅತಿ ದೂರ ಎಷ್ಟು. ಜತೆಗೆ ಹಲ್ಲಿನ ಅಚ್ಚಿನ ರಟ್ಟು, ಹಳೆ ಕ್ರಾಸು.

ಇದನ್ನೆಲ್ಲ ಮಾಡಲು ಅರ್ಧ ದಿನ ಬೇಕು. ಮಳೆಗಾಲದಲ್ಲಿ ಅರ್ಧ ದಿನ ದೊಡ್ಡದೇ. ಅದಕ್ಕೇ ಈಗ ನಾವು ಯುಗಾದಿ ಕಳೆದ ಕೂಡಲೇ ಶಾಫ್ಟ್ ಬಿಚ್ಚಿ ನೋಡುತ್ತೇವೆ. ಕ್ರಾಸ್ ಅಲ್ಲಾಡಿದರೆ, ಕಿವಿಯ ತೂತು ಸವೆದಿದ್ದರೆ ಆಗಲೇ ಬದಲಿಸುತ್ತೇವೆ. ತಮ್ಮನ ಮಗನೇ ಮುಂದೆ ನಿಂತು ಅಳೆಯುತ್ತಾನೆ. ಆವತ್ತು ಮಣ್ಣಿನಲ್ಲಿ ಹೂತಿದ್ದ ತುಂಡನ್ನು ಕಿತ್ತು ತಂದು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದವನೂ ಅವನೇ. "ದೊಡ್ಡಪ್ಪಾ, ಅವಸರ ಆದಾಗ ಇದನ್ನ ನೋಡು" ಅಂತಾನೆ.